ವೋಬರ್ನ್ ಮಣ್ಣಿನ ಸಾಕ್ಷ್ಯ: ಕೊಳಚೆ ಕೆಸರು, ರೈತ ಮತ್ತು ನಿಯಮ

ತಿಪ್ಪೆಗುಂಡಿಯಲ್ಲಿ ಏನಿದೆ ಎಂದು ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಗಣಿ, ಗಂಜಳ, ದನ ತಿಂದುಳಿದ ಹುಲ್ಲು, ಒಲೆಯ ಬೂದಿ, ಇವೆಲ್ಲ ಹೆಚ್ಚುಕಡಿಮೆ ಅವನ ಹೊಲದಿಂದಲೇ ಬಂದು ಅವನ ಹೊಲಕ್ಕೇ ಹಿಂದಿರುಗುವ ವಸ್ತುಗಳು. ಆದರೆ ಪಟ್ಟಣದ ಒಳಚರಂಡಿಯಿಂದ ಬಂದ ಕೆಸರು ಹಾಗಲ್ಲ. ಸಾವಿರಾರು ಮನೆ, ಆಸ್ಪತ್ರೆ, ಗ್ಯಾರೇಜು, ಕಾರ್ಖಾನೆಗಳ ನೀರು ಒಂದೇ ಕೊಳವೆಯಲ್ಲಿ ಹರಿದು ಬರುತ್ತದೆ. ಶುದ್ಧೀಕರಣ ಘಟಕದಲ್ಲಿ ನೀರು ತಿಳಿಯಾದಾಗ ತಳದಲ್ಲಿ ಉಳಿಯುವ ಗಟ್ಟಿ ಭಾಗವೇ ಸ್ಲಡ್ಜ್ ಎಂದು ಕರೆಯಲಾಗುವ ಕೊಳಚೆ ಕೆಸರು. ಅದರಲ್ಲಿ ನೈಟ್ರೊಜನ್ ಇದೆ, ಫಾಸ್ಫರಸ್ ಇದೆ, ಸಾವಯವ ಪದಾರ್ಥ ಧಾರಾಳವಾಗಿದೆ. ಇನ್ನೇನು ಸೇರಿದೆ ಎಂಬುದು ಕೊಡುವವನಿಗೇ ಪೂರ್ತಿ ತಿಳಿದಿರುವುದಿಲ್ಲ, ಪಡೆಯುವವನಿಗಂತೂ ಇಲ್ಲವೇ ಇಲ್ಲ. ಹೀಗಾಗಿಯೇ ಅದನ್ನು ಹೊಲಕ್ಕೆ ಹಾಕಲು ಅಳತೆ ಬೇಕಾಯಿತು, ನಿಯಮ ಬೇಕಾಯಿತು. ಯಾವುದನ್ನು ಅಳೆಯಬೇಕು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮಾತ್ರ ಬಹಳ ನಿಧಾನವಾಗಿ. ಆ ಉತ್ತರದ ಒಂದು ಮುಖ್ಯ ಭಾಗ ಇಂಗ್ಲೆಂಡಿನ ಚಿಕ್ಕದೊಂದು ತರಕಾರಿ ತಾಕಿನಲ್ಲಿತ್ತು.

ಲಂಡನ್ನಿನ ಕೊಳಚೆ, ಪೆರುವಿನ ಹಿಕ್ಕೆ

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಬ್ರಿಟನ್ ಒಂದು ವಿಚಿತ್ರ ಸ್ಥಿತಿಯಲ್ಲಿತ್ತು. ಪೆರುವಿನ ದ್ವೀಪಗಳಿಂದ ಗುವಾನೊ ಎಂಬ ಕಡಲ ಹಕ್ಕಿಗಳ ಹಿಕ್ಕೆಯನ್ನು ಹಡಗುಗಟ್ಟಲೆ ತರಿಸಿ ರೈತರು ಹೊಲಕ್ಕೆ ಹಾಕುತ್ತಿದ್ದರು. ಅದೇ ಹೊತ್ತಿಗೆ ಲಂಡನ್ ತನ್ನ ಮಲಮೂತ್ರವನ್ನೆಲ್ಲ ಥೇಮ್ಸ್ ನದಿಗೆ ಬಿಡುತ್ತಿತ್ತು. 1840ರಲ್ಲಿ ಕೃಷಿ ರಸಾಯನಶಾಸ್ತ್ರದ ಬಗ್ಗೆ ತನ್ನ ಹೆಸರಾಂತ ಗ್ರಂಥವನ್ನು ಪ್ರಕಟಿಸಿದ ಜರ್ಮನಿಯ ಯುಸ್ಟಸ್ ಫಾನ್ ಲೀಬಿಗ್‌ಗೆ ಇದು ನಾಡಿನ ಫಲವತ್ತತೆಯನ್ನೇ ಸಮುದ್ರಕ್ಕೆ ಚೆಲ್ಲುವ ಕೆಲಸವಾಗಿ ಕಂಡಿತು. 1842ರಲ್ಲಿ ಕಾರ್ಮಿಕರ ಆರೋಗ್ಯ ಸ್ಥಿತಿಯ ಬಗ್ಗೆ ವರದಿ ಕೊಟ್ಟ ಎಡ್ವಿನ್ ಚಾಡ್ವಿಕ್ ಕೂಡ ಕೊಳಚೆ ನೀರು ಹೊಲಕ್ಕೆ ಹರಿಯಬೇಕೆಂದು ವಾದಿಸಿದವನೇ. ಎಡಿನ್‌ಬರೊ ಪಕ್ಕದ ಕ್ರೇಗೆಂಟಿನಿ ಹುಲ್ಲುಗಾವಲುಗಳು ನಗರದ ಕೊಳಚೆಯಿಂದ ಸೊಂಪಾಗಿ ಬೆಳೆಯುತ್ತಿದ್ದುದು ಅಂಥವರಿಗೆ ಕಣ್ಣೆದುರಿನ ಪುರಾವೆಯಾಗಿತ್ತು.

ಈ ಉತ್ಸಾಹಕ್ಕೆ ಲೆಕ್ಕದ ಕಡಿವಾಣ ಹಾಕಿದವನು ಜಾನ್ ಬೆನೆಟ್ ಲಾಸ್. ರೋಥಮ್‌ಸ್ಟೆಡ್‌ನ ತನ್ನ ಎಸ್ಟೇಟಿನಲ್ಲಿ 1843ರಿಂದ ಗೊಬ್ಬರದ ಪ್ರಯೋಗಗಳನ್ನು ನಡೆಸುತ್ತಿದ್ದ ಈತ 1860ರ ದಶಕದ ಆರಂಭದಲ್ಲಿ ರಾಯಲ್ ಕಮಿಷನ್ನಿನ ಪರವಾಗಿ ರಗ್ಬಿ ಪಟ್ಟಣದ ಕೊಳಚೆಯನ್ನು ಹುಲ್ಲುಗಾವಲಿಗೆ ಹಾಯಿಸಿ, ಎಷ್ಟು ನೀರಿಗೆ ಎಷ್ಟು ಹುಲ್ಲು, ಎಷ್ಟು ಹಾಲು ಎಂದು ಅಳೆದ. ಗೊಬ್ಬರದ ಅಂಶ ಇರುವುದು ನಿಜ, ಆದರೆ ನೀರಿನಲ್ಲಿ ಅದು ಎಷ್ಟು ತೆಳುವಾಗಿದೆಯೆಂದರೆ ಪ್ರಚಾರಕರು ಹೇಳುವ ಬೆಲೆ ಅದಕ್ಕಿಲ್ಲ ಎಂಬುದು ಆ ಪ್ರಯೋಗಗಳ ತಾತ್ಪರ್ಯ. ಆ ಕಾಲದ ಚರ್ಚೆಯಲ್ಲಿದ್ದ ಮಾತುಗಳೆಲ್ಲ ದುರ್ವಾಸನೆ, ರೋಗ ಮತ್ತು ಬೆಲೆಯನ್ನು ಕುರಿತವು. ಲೋಹಗಳ ಬಗ್ಗೆ ಯಾರೂ ಕೇಳಲಿಲ್ಲ. ಕೇಳುವ ಕಾರಣವೂ ಆಗ ಕಂಡಿರಲಿಲ್ಲ.

ಮ್ಯಾಂಚೆಸ್ಟರಿನಿಂದ ಬೆಂಗಳೂರಿಗೆ

ಕೊಳಚೆಯ ಇತಿಹಾಸಕ್ಕೆ ನಮ್ಮ ಊರಿನ ನಂಟೂ ಇದೆ. ಮ್ಯಾಂಚೆಸ್ಟರ್ ನಗರದ ಡೇವಿಹುಲ್ಮ್ ಘಟಕದಲ್ಲಿ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಎಂಬಿಬ್ಬರು ಕೊಳಚೆ ನೀರಿಗೆ ಗಾಳಿ ಊದಿ, ತಳದಲ್ಲಿ ಉಳಿದ ಕೆಸರನ್ನು ಚೆಲ್ಲದೆ, ಅದರ ಮೇಲೇ ಹೊಸ ಕೊಳಚೆಯನ್ನು ಸುರಿದು ಮತ್ತೆ ಗಾಳಿ ಊದಿದರು. ಹೀಗೆ ಮಾಡುತ್ತ ಹೋದಂತೆ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಹೆಚ್ಚಿದವು. ಮೊದಲು ವಾರಗಟ್ಟಲೆ ಹಿಡಿಯುತ್ತಿದ್ದ ಶುದ್ಧೀಕರಣ ಒಂದು ದಿನದೊಳಗೆ ಮುಗಿಯತೊಡಗಿತು. 1914ರ ಏಪ್ರಿಲ್‌ನಲ್ಲಿ ಅವರು ಮಂಡಿಸಿದ ಈ 'ಚುರುಕುಗೊಳಿಸಿದ ಕೆಸರಿನ' ವಿಧಾನವನ್ನೇ ಇಂದಿಗೂ ಜಗತ್ತಿನ ಬಹುಪಾಲು ದೊಡ್ಡ ಘಟಕಗಳು ಅನುಸರಿಸುತ್ತವೆ. ಇವರಿಗೆ ದಾರಿ ತೋರಿದವರು ಗಿಲ್ಬರ್ಟ್ ಫೌಲರ್. ಅಮೆರಿಕದ ಲಾರೆನ್ಸ್ ಪ್ರಯೋಗ ಕೇಂದ್ರದಲ್ಲಿ ಕಂಡದ್ದನ್ನು ಮ್ಯಾಂಚೆಸ್ಟರಿಗೆ ಬಂದು ತಿಳಿಸಿದವರೂ ಅವರೇ. ಅದೇ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಕೊಳಚೆಯಲ್ಲಿರುವ ನೈಟ್ರೊಜನ್ ಅನ್ನು ಹೊಲಕ್ಕೆ ಉಳಿಸಿಕೊಳ್ಳುವ ಬಗೆ ಅವರ ಪ್ರಮುಖ ಆಸಕ್ತಿಗಳಲ್ಲಿ ಒಂದಾಗಿತ್ತು. 1939ರಲ್ಲಿ ಅದೇ ಸಂಸ್ಥೆಯ ಸಿ. ಎನ್. ಆಚಾರ್ಯರು ಊರಿನ ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ಮೇಲೆ ಮಣ್ಣು ಮೆತ್ತಿ ಕೊಳೆಸುವ ವಿಧಾನವನ್ನು ರೂಪಿಸಿದರು. ಕೃಷಿ ಪಠ್ಯಗಳಲ್ಲಿ 'ಬೆಂಗಳೂರು ವಿಧಾನ' ಎಂದು ಓದುವುದು ಇದನ್ನೇ. ಒಳಗಿನ ಬಿಸಿ ರೋಗಾಣುಗಳನ್ನು ಕೊಲ್ಲುತ್ತದೆ, ಮುಚ್ಚಿಟ್ಟದ್ದರಿಂದ ನೊಣ ಏಳುವುದಿಲ್ಲ, ನೈಟ್ರೊಜನ್ ಹೆಚ್ಚು ಸೋರಿಹೋಗುವುದಿಲ್ಲ. ಆ ಕಾಲ ಕೇಳಿದ ಪ್ರಶ್ನೆಗಳಿಗೆಲ್ಲ ಅದು ಒಳ್ಳೆಯ ಉತ್ತರವಾಗಿತ್ತು.

ಕುದುರೆಗಳು ಮಾಯವಾದಾಗ

ಅತ್ತ ಬ್ರಿಟನ್ನಿನಲ್ಲಿ ತರಕಾರಿ ಬೆಳೆಗಾರರಿಗೆ ಬೇರೆಯದೇ ತೊಂದರೆ. ಪಟ್ಟಣಗಳ ಕುದುರೆಲಾಯಗಳಿಂದ ಅವರಿಗೆ ಬರುತ್ತಿದ್ದ ಗೊಬ್ಬರ ಮೋಟಾರು ವಾಹನಗಳು ಬಂದ ಮೇಲೆ ಸಿಗದಾಯಿತು. ಬದಲಿಗೆ ಏನು ಹಾಕಬಹುದು? ರೋಥಮ್‌ಸ್ಟೆಡ್ ಸಂಸ್ಥೆ 1942ರಲ್ಲಿ ಬೆಡ್‌ಫರ್ಡ್‌ಶೈರ್‌ನ ವೋಬರ್ನ್ ಪ್ರಯೋಗ ಕ್ಷೇತ್ರದ ಮರಳುಮಿಶ್ರಿತ ಗೋಡು ಮಣ್ಣಿನಲ್ಲಿ ಒಂದು ಪ್ರಯೋಗ ಆರಂಭಿಸಿತು. ಕೆಲವು ತಾಕುಗಳಿಗೆ ಕೊಟ್ಟಿಗೆ ಗೊಬ್ಬರ, ಕೆಲವಕ್ಕೆ ಲಂಡನ್ನಿನ ಪಶ್ಚಿಮ ಭಾಗದ ಘಟಕದಿಂದ ತಂದ ಕೊಳಚೆ ಕೆಸರು, ಕೆಲವಕ್ಕೆ ಕೆಸರು-ಹುಲ್ಲಿನ ಕಾಂಪೋಸ್ಟು, ಇನ್ನು ಕೆಲವಕ್ಕೆ ಬರೀ ರಾಸಾಯನಿಕ ಗೊಬ್ಬರ. ಬೆಳೆದದ್ದು ಲೀಕ್, ಬೀಟ್‌ರೂಟ್‌ನಂಥ ತರಕಾರಿ. ಇಳುವರಿ ಎಷ್ಟು ಎಂಬುದಷ್ಟೇ ಪ್ರಶ್ನೆ.

ಕೆಸರು ಹಾಕುವುದನ್ನು 1961ರಲ್ಲಿ ನಿಲ್ಲಿಸಲಾಯಿತು. ಸಾಮಾನ್ಯವಾಗಿ ಇಲ್ಲಿಗೆ ಕಥೆ ಮುಗಿಯಬೇಕು. ಮುಗಿಯದಿರಲು ಕಾರಣ ರೋಥಮ್‌ಸ್ಟೆಡ್‌ನ ಒಂದು ಹಳೆಯ ಅಭ್ಯಾಸ: ಪ್ರತಿ ಪ್ರಯೋಗದ ಮಣ್ಣು ಮತ್ತು ಬೆಳೆಯ ಮಾದರಿಗಳನ್ನು ಒಣಗಿಸಿ, ಬಾಟಲಿಗಳಲ್ಲಿ ತುಂಬಿ, ಚೀಟಿ ಅಂಟಿಸಿ ಇಡುವುದು. ಅಂದಿನ ಉಪಕರಣಗಳಿಗೆ ಕಾಣದ್ದು ಮುಂದೆಂದಾದರೂ ಕಾಣಬಹುದು ಎಂಬ ನಂಬಿಕೆ ಅದರ ಹಿಂದಿದೆ. ಪ್ರಯೋಗಾಲಯದ ಜಾಗ ತಿನ್ನುವ ಇಂಥ ಹಳೆಯ ಬಾಟಲಿಗಳನ್ನು ಎಸೆಯಲು ಹೊರಟವರು ಯಾರಾದರೂ ಇದ್ದರೆ, ಮುಂದಿನದನ್ನು ಓದಿ ನಿರ್ಧರಿಸಲಿ.

1968ರಲ್ಲಿ ಲೆ ರೀಶ್ ಎಂಬ ವಿಜ್ಞಾನಿ ವೋಬರ್ನ್ ಮಣ್ಣಿನಲ್ಲಿ ಲೋಹಾಂಶವನ್ನು ಅಳೆದು ಪ್ರಕಟಿಸಿದರು. ಕೆಸರು ಹಾಕುವುದನ್ನು ನಿಲ್ಲಿಸಿ ವರ್ಷಗಳಾಗಿದ್ದರೂ ಲೋಹ ಅಲ್ಲೇ ಇತ್ತು. ಜಪಾನಿನಲ್ಲಿ ಜಿಂಜು ನದಿ ಕಣಿವೆಯ ಜನರ ಮೂಳೆ ಸವೆಸುತ್ತಿದ್ದ 'ಇತಾಯಿ-ಇತಾಯಿ' ರೋಗಕ್ಕೆ ಗಣಿಯಿಂದ ನೀರಿಗೆ, ನೀರಿನಿಂದ ಗದ್ದೆಗೆ ಬಂದ ಕ್ಯಾಡ್ಮಿಯಂ ಕಾರಣ ಎಂದು ಅಲ್ಲಿನ ಸರ್ಕಾರ ಒಪ್ಪಿದ್ದೂ ಅದೇ 1968ರಲ್ಲಿ. ಮಣ್ಣಿನ ಲೋಹ ಅನ್ನದ ತಟ್ಟೆಗೆ ಬರಬಲ್ಲದು ಎಂಬುದು ಅಲ್ಲಿಂದೀಚೆಗೆ ಬರೀ ಊಹೆಯಾಗಿ ಉಳಿಯಲಿಲ್ಲ.

ಲೋಹ ಏಕೆ ಉಳಿಯುತ್ತದೆ?

ನೈಟ್ರೊಜನ್ ಗಾಳಿಗೆ ಹೋಗುತ್ತದೆ, ನೀರಿನಲ್ಲಿ ಬಸಿಯುತ್ತದೆ. ಸಾವಯವ ಪದಾರ್ಥ ಕೊಳೆತು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಸತು, ತಾಮ್ರ, ಕ್ಯಾಡ್ಮಿಯಂ ಮೂಲವಸ್ತುಗಳು, ಅವು ಕೊಳೆಯುವುದಿಲ್ಲ. ಮಣ್ಣಿನ ಜೇಡಿ ಕಣಗಳಿಗೆ, ಹ್ಯೂಮಸ್‌ಗೆ, ಕಬ್ಬಿಣದ ಆಕ್ಸೈಡುಗಳಿಗೆ ಅಂಟಿಕೊಂಡು ಕೂಡುತ್ತವೆ. ತರಗತಿಯಲ್ಲಿ ಮಾಡಬಹುದಾದ ಒಂದು ಲೆಕ್ಕ ಇಲ್ಲಿದೆ. ಒಂದು ಹೆಕ್ಟೇರಿನ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 20 ಲಕ್ಷ ಕಿ.ಗ್ರಾಂ. ತೂಗುತ್ತದೆ. ಕಿಲೋಗ್ರಾಮಿಗೆ 2,500 ಮಿ.ಗ್ರಾಂ. ಸತು ಇರುವ ಕೆಸರನ್ನು ವರ್ಷಕ್ಕೆ 5 ಟನ್ (ಒಣ ತೂಕ) ಹಾಕಿದರೆ ಹೊಲಕ್ಕೆ ಸೇರುವ ಸತು 12.5 ಕಿ.ಗ್ರಾಂ. ಹೊಲದಿಂದ 5 ಟನ್ ಧಾನ್ಯ ಬಂದು, ಅದರಲ್ಲಿ ಕಿಲೋಗ್ರಾಮಿಗೆ 30 ಮಿ.ಗ್ರಾಂ. ಸತು ಇದ್ದರೆ ಹೊರಹೋಗುವುದು ಕೇವಲ 150 ಗ್ರಾಂ. ಮಣ್ಣಿನ ಸತು ವರ್ಷಕ್ಕೆ ಕಿಲೋಗ್ರಾಮಿಗೆ 6 ಮಿ.ಗ್ರಾಂ.ಗಳಷ್ಟು ಏರುತ್ತದೆ. 80ರಿಂದ 200ಕ್ಕೆ ತಲುಪಲು ಇಪ್ಪತ್ತು ವರ್ಷ ಸಾಕು. ಇಳಿಯಲು ಎಷ್ಟು ಬೇಕು ಎಂಬುದನ್ನು ಅದೇ 150 ಗ್ರಾಮಿನಿಂದ ಭಾಗಿಸಿ ನೋಡಬಹುದು.

ವೋಬರ್ನ್‌ನಲ್ಲಿ ಇದಕ್ಕೆ ಒಂದು ಸ್ವಾರಸ್ಯದ ತೊಡಕೂ ಬಂದಿತ್ತು. ಹಾಕಿದ ಲೋಹಕ್ಕೂ ತಾಕಿನಲ್ಲಿ ಉಳಿದ ಲೋಹಕ್ಕೂ ತಾಳೆಯಾಗಲಿಲ್ಲ, ಒಂದಿಷ್ಟು ಕಾಣೆಯಾಗಿತ್ತು. ಆಳಕ್ಕೆ ಇಳಿದು ಅಂತರ್ಜಲ ಸೇರಿತೇ? ಸ್ಟೀವ್ ಮೆಕ್‌ಗ್ರಾತ್ ಮತ್ತು ಲೇನ್ 1989ರಲ್ಲಿ ತೋರಿಸಿದಂತೆ, ಅದು ಕೆಳಕ್ಕಲ್ಲ, ಪಕ್ಕಕ್ಕೆ ಹೋಗಿತ್ತು. ವರ್ಷವರ್ಷವೂ ನಡೆದ ಉಳುಮೆ ತಾಕಿನ ಮಣ್ಣನ್ನು ಬದುವಿನಾಚೆಗೆ ಎಳೆದು ಹಾಕಿತ್ತು!

ಸಪ್ಪೆ ಬಣ್ಣದ ಕ್ಲೋವರ್

ಅಷ್ಟರಲ್ಲಿ ನಿಯಮಗಳು ಬಂದಿದ್ದವು. ಐರೋಪ್ಯ ಸಮುದಾಯದ 1986ರ ನಿರ್ದೇಶನವು ಕೆಸರಿನ ಗುಣಕ್ಕೆ ಮಾತ್ರವಲ್ಲ, ಕೆಸರು ಬೀಳುವ ಮಣ್ಣಿಗೂ ಮಿತಿ ಹಾಕಿತು. ಮಣ್ಣಿನಲ್ಲಿ ಕಿಲೋಗ್ರಾಮಿಗೆ ಸತು 150ರಿಂದ 300 ಮಿ.ಗ್ರಾಂ., ತಾಮ್ರ 50ರಿಂದ 140, ಕ್ಯಾಡ್ಮಿಯಂ 1ರಿಂದ 3. ಈ ವ್ಯಾಪ್ತಿಯಲ್ಲಿ ಪ್ರತಿ ದೇಶ ತನ್ನ ಮಿತಿ ಆರಿಸಿಕೊಳ್ಳಬೇಕು. ಕೆಸರು ಹಾಕಿದ ಹುಲ್ಲುಗಾವಲಿಗೆ ಕನಿಷ್ಠ ಮೂರು ವಾರ ದನ ಬಿಡುವಂತಿಲ್ಲ. ಮಣ್ಣಿಗೆ ತಾಗಿ ಬೆಳೆಯುವ, ಹಸಿಯಾಗಿ ತಿನ್ನುವ ತರಕಾರಿಯಾದರೆ ಕೊಯ್ಲಿಗೆ ಮುಂಚಿನ ಹತ್ತು ತಿಂಗಳು ಕೆಸರು ಕೂಡದು. ಕೆಸರಿನ ವಿಶ್ಲೇಷಣೆಯನ್ನು ರೈತನಿಗೆ ಕೊಡುವುದು ಉತ್ಪಾದಕನ ಹೊಣೆ. ಬ್ರಿಟನ್ 1989ರಲ್ಲಿ ಇದನ್ನು ತನ್ನ ಕಾನೂನಾಗಿಸಿಕೊಂಡು ಸತುವಿಗೆ 300ರ ಮಿತಿಯನ್ನು ಆರಿಸಿತು. ಈ ಅಂಕಿಗಳ ಹಿಂದೆ ಮುಖ್ಯವಾಗಿ ಎರಡು ಕಾಳಜಿಗಳಿದ್ದವು: ಬೆಳೆ ಒಣಗಬಾರದು, ತಿನ್ನುವವನಿಗೆ ಕೇಡಾಗಬಾರದು.

ಮೂರನೆಯ ಪ್ರಶ್ನೆಯನ್ನು ಕೇಳಿದ್ದು ವೋಬರ್ನ್. 1984ರಲ್ಲಿ ಬ್ರೂಕ್ಸ್ ಮತ್ತು ಮೆಕ್‌ಗ್ರಾತ್ ಅಲ್ಲಿನ ಮಣ್ಣಿನಲ್ಲಿರುವ ಒಟ್ಟು ಸೂಕ್ಷ್ಮಜೀವಿ ರಾಶಿಯನ್ನು ಅಳೆದರು. ಎರಡು ದಶಕಗಳ ಹಿಂದೆಯೇ ಕೆಸರು ನಿಂತಿದ್ದ ತಾಕುಗಳಲ್ಲಿ ಅದು ಕೊಟ್ಟಿಗೆ ಗೊಬ್ಬರದ ತಾಕುಗಳ ಅರ್ಧದಷ್ಟೇ ಇತ್ತು. ಅನಂತರ ಬಿಳಿ ಕ್ಲೋವರ್ ಬಿತ್ತಿದರು. ಇದು ನಮ್ಮ ಕುದುರೆಮಸಾಲೆಯಂತೆ ಮೇವಿನ ದ್ವಿದಳ ಸಸ್ಯ. ಬೇರುಗಂಟುಗಳಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾಗಳನ್ನು ಸಾಕಿಕೊಂಡು ಗಾಳಿಯ ನೈಟ್ರೊಜನ್ ಹಿಡಿದು ಬದುಕುತ್ತದೆ. ಕೊಟ್ಟಿಗೆ ಗೊಬ್ಬರದ ತಾಕಿನಲ್ಲಿ ಕ್ಲೋವರ್ ಕಡುಹಸಿರಾಗಿ ಹಬ್ಬಿತು. ಕೆಸರಿನ ತಾಕಿನಲ್ಲಿ ಎಲೆ ಸಪ್ಪೆ ಹಳದಿ, ಬೆಳವಣಿಗೆ ಕುಂಠಿತ. ಕಿತ್ತು ನೋಡಿದರೆ ಬೇರಿನಲ್ಲಿ ಗಂಟುಗಳು ಇದ್ದವು. ಆದರೆ ಅವು ಚಿಕ್ಕವು, ಬೆಳ್ಳಗಿನವು. ಆರೋಗ್ಯವಂತ ಗಂಟನ್ನು ಸೀಳಿದರೆ ಲೆಗ್‌ಹೀಮೊಗ್ಲೋಬಿನ್‌ನ ನಸುಗೆಂಪು ಕಾಣಬೇಕು. ಇಲ್ಲಿ ಅದಿರಲಿಲ್ಲ. ಸಾರಾಂಶವೆಂದರೆ, ಈ ಕ್ಲೋವರ್ ನೈಟ್ರೊಜನ್ ಹಿಡಿಯುತ್ತಲೇ ಇರಲಿಲ್ಲ.

ಕೆನ್ ಗಿಲ್ಲರ್, ಮೆಕ್‌ಗ್ರಾತ್ ಮತ್ತು ಪೆನ್ನಿ ಹರ್ಶ್ 1989ರಲ್ಲಿ ಇದರ ಒಳಗುಟ್ಟನ್ನು ಬಿಡಿಸಿದರು. ಲೋಹ ಸಸ್ಯವನ್ನು ನೇರವಾಗಿ ಕೊಂದಿರಲಿಲ್ಲ. ಬೀಜದೊಡನೆ ಸಮರ್ಥ ರೈಜೋಬಿಯಂ ಅನ್ನು ಭಾರೀ ಪ್ರಮಾಣದಲ್ಲಿ ಸೇರಿಸಿದರೆ ಅದೇ ಮಣ್ಣಿನಲ್ಲಿ ಕ್ಲೋವರ್ ಚೆನ್ನಾಗಿಯೇ ಬೆಳೆಯಿತು. ಆದರೆ ಗಂಟಿನ ಹೊರಗೆ, ಬರಿಯ ಮಣ್ಣಿನಲ್ಲಿ ಬದುಕಬೇಕಾದ ಸಮರ್ಥ ಬ್ಯಾಕ್ಟೀರಿಯಾಗಳು ಒಂದೆರಡು ತಿಂಗಳಲ್ಲಿ ಪತ್ತೆಯೇ ಇಲ್ಲದಂತಾದವು. ಲೋಹವನ್ನು ಸಹಿಸಿ ಉಳಿದದ್ದು ಒಂದೇ ಬಗೆ. ಅದು ಗಂಟು ಕಟ್ಟುತ್ತದೆ, ಸಸ್ಯದ ಸಕ್ಕರೆ ತಿನ್ನುತ್ತದೆ, ನೈಟ್ರೊಜನ್ ಮಾತ್ರ ಕೊಡುವುದಿಲ್ಲ. ಗೇಣಿ ಕೊಡದೆ ಮನೆಯಲ್ಲಿ ಕುಳಿತ ಬಾಡಿಗೆದಾರನ ಹಾಗೆ. ಆ ಮಣ್ಣಿನ ಲೋಹಾಂಶವೋ ಹೊಸ ಕಾನೂನಿನ ಮಿತಿಯ ಆಸುಪಾಸಿನಲ್ಲೇ ಇತ್ತು ಎಂಬುದು ಎಲ್ಲರನ್ನೂ ಯೋಚನೆಗೆ ಹಚ್ಚಿತು.

ಆಕ್ಷೇಪಗಳೂ ಬಂದವು. ಅಮೆರಿಕದ ಕೆಲವು ವಿಜ್ಞಾನಿಗಳು ತಮ್ಮ ಕೆಸರು ಹಾಕಿದ ಹೊಲಗಳಲ್ಲಿ ರೈಜೋಬಿಯಂ ಬದುಕಿದೆ, ವೋಬರ್ನ್‌ನಲ್ಲಿ ವರ್ಷಗಟ್ಟಲೆ ಕ್ಲೋವರ್ ಬೆಳೆಯದಿದ್ದುದೂ ಮಣ್ಣಿನ ಆಮ್ಲತೆಯೂ ಕಾರಣವಿರಬೇಕು ಎಂದರು. ಜರ್ಮನಿಯ ಬ್ರೌನ್‌ಶ್ವೈಗ್ ಪ್ರಯೋಗದಿಂದ ವೋಬರ್ನ್‌ಗೆ ಬೆಂಬಲ ಸಿಕ್ಕಿತು. ಆಕ್ಷೇಪದಲ್ಲಿ ಹುರುಳಿಲ್ಲದಿರಲಿಲ್ಲ: ಪಿಎಚ್ ಇಳಿದಷ್ಟೂ ಲೋಹ ಹೆಚ್ಚು ಕರಗುತ್ತದೆ. ಆದರೆ ಸುಣ್ಣ ಹಾಕುವುದನ್ನು ಮುಂದಿನ ತಲೆಮಾರಿನ ರೈತ ನಿಲ್ಲಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಆ ವಾದ ಮುಟ್ಟಲಿಲ್ಲ. ಬ್ರಿಟನ್ನಿನಲ್ಲಿ ಸರ್ಕಾರ ನೇಮಿಸಿದ ಸ್ವತಂತ್ರ ವಿಜ್ಞಾನ ಸಮಿತಿ 1993ರಲ್ಲಿ ಸತುವಿನ ಮಿತಿಯನ್ನು 300ರಿಂದ 200ಕ್ಕೆ ಇಳಿಸಲು ಸಲಹೆ ನೀಡಿತು. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಒಂದರ ಸಲುವಾಗಿ ದೇಶವೊಂದರ ಗೊಬ್ಬರದ ಅಳತೆ ಬದಲಾಯಿತು.

ಅದೇ 1993ರಲ್ಲಿ ಅಮೆರಿಕ ತನ್ನ 503ನೆಯ ನಿಯಮಭಾಗವನ್ನು ಪ್ರಕಟಿಸಿತು. ಅಲ್ಲಿ ಒಂದು ಹೆಕ್ಟೇರಿಗೆ ಒಟ್ಟಾರೆ ಸೇರಿಸಬಹುದಾದ ಸತು 2,800 ಕಿ.ಗ್ರಾಂ. ಮೇಲಿನ 20 ಲಕ್ಷ ಕಿಲೋಗ್ರಾಮಿನಿಂದ ಭಾಗಿಸಿದರೆ ಇದು ಕಿಲೋಗ್ರಾಂ ಮಣ್ಣಿಗೆ 1,400 ಮಿ.ಗ್ರಾಂ., ಅಂದರೆ ಬ್ರಿಟನ್ ಸಮಿತಿಯ ಸಲಹೆಯ ಏಳು ಪಟ್ಟು. ವಿಜ್ಞಾನ ಒಂದೇ, ಅಂಕಿ ಎರಡು. ಅಮೆರಿಕದವರು ಮನುಷ್ಯ, ದನ, ಬೆಳೆಗಳಿಗೆ ಅಪಾಯ ತಲುಪುವ ಒಂದೊಂದು ದಾರಿಯನ್ನೂ ಲೆಕ್ಕಹಾಕಿ, ಅಪಾಯ ಕಾಣುವವರೆಗೆ ಹೋಗಬಹುದು ಎಂದರು. ಐರೋಪ್ಯರು ಮಣ್ಣು ಇದ್ದ ಹಾಗೇ ಉಳಿಯಲಿ ಎಂಬ ಕಡೆಗೆ ವಾಲಿದರು. ಕೆಸರು ಎಂಬ ಹೆಸರು ಹೋಗಿ 'ಬಯೋಸಾಲಿಡ್ಸ್' ಎಂಬ ಮರ್ಯಾದಸ್ಥ ಹೆಸರು ಬಂದದ್ದೂ ಈ ಹೊತ್ತಿನಲ್ಲೇ.

ಕೆಸರು ಬೇಡವೆಂದವರು

ಆಗ ಕೆಸರು ಹೊಲದ ಕಡೆಗೆ ನುಗ್ಗಲು ಇನ್ನೊಂದು ಕಾರಣವಿತ್ತು. ಅಮೆರಿಕ 1992ರಲ್ಲಿ, ಬ್ರಿಟನ್ 1998ರಲ್ಲಿ ಕೆಸರನ್ನು ಸಮುದ್ರಕ್ಕೆ ಸುರಿಯುವುದನ್ನು ನಿಲ್ಲಿಸಿದವು. ಕಡಲನ್ನು ಕಾಯ್ದ ಕಾನೂನಿನ ಭಾರ ನೆಲದ ಮೇಲೆ ಬಿತ್ತು. ಜಾರ್ಜಿಯ ರಾಜ್ಯದ ಆಗಸ್ಟಾ ನಗರದ ಕೆಸರನ್ನು ವರ್ಷಗಟ್ಟಲೆ ಹಾಕಿಸಿಕೊಂಡ ಹೊಲಗಳ ಮೇವು ತಿಂದ ಡೈರಿ ದನಗಳು ಸತ್ತವು. ಬಿತ್ತಲಾರದ ನೆಲಕ್ಕೆ ಪರಿಹಾರ ಕೇಳಿದ ಒಂದು ಕೃಷಿಕ ಕುಟುಂಬದ ಪರವಾಗಿ 2008ರಲ್ಲಿ ತೀರ್ಪು ನೀಡಿದ ಫೆಡರಲ್ ನ್ಯಾಯಾಲಯ, ನಗರ ಇಟ್ಟಿದ್ದ ಕೆಸರಿನ ದಾಖಲೆಗಳೇ ನಂಬಲರ್ಹವಲ್ಲ ಎಂದಿತು. ಮಿತಿ ಎಷ್ಟೇ ಚೆನ್ನಾಗಿದ್ದರೂ ಅಳತೆಯ ಪುಸ್ತಕ ಸುಳ್ಳಾದರೆ ರೈತನಿಗೆ ಅದು ಬಹಳ ತಡವಾಗಿ ತಿಳಿಯುತ್ತದೆ.

ಸ್ವೀಡನ್ನಿನ ರೈತರು ಕಾಯಲಿಲ್ಲ. ಎಲ್‌ಆರ್‌ಎಫ್ ಎಂಬ ಅಲ್ಲಿನ ರೈತ ಒಕ್ಕೂಟ 1990ರ ಸುಮಾರಿಗೆ, ಮತ್ತೆ 1999ರಲ್ಲಿ, ಕೆಸರು ಪಡೆಯಬೇಡಿ ಎಂದು ಸದಸ್ಯರಿಗೆ ಕರೆಕೊಟ್ಟಿತು. ಇಕ್ಕಟ್ಟಿಗೆ ಸಿಕ್ಕಿದ ನಗರಗಳು ಕೊಳವೆಯ ಮೇಲ್ಭಾಗಕ್ಕೆ ನಡೆದು ಯಾವ ಕಾರ್ಖಾನೆ, ಯಾವ ಅಂಗಡಿ ಏನನ್ನು ಬಿಡುತ್ತಿದೆ ಎಂದು ಹುಡುಕತೊಡಗಿದವು. 2008ರಲ್ಲಿ 'ರೆವಾಕ್' ಎಂಬ ಪ್ರಮಾಣೀಕರಣ ಪದ್ಧತಿ ಬಂತು. ಈ ಹುಡುಕಾಟದಲ್ಲಿ ಕ್ಯಾಡ್ಮಿಯಂನ ಒಂದು ಮೂಲವಾಗಿ ಸಿಕ್ಕಿದ್ದು ಚಿತ್ರಕಲಾವಿದರು ಕುಂಚ ತೊಳೆಯುವ ಬಚ್ಚಲು! ಕ್ಯಾಡ್ಮಿಯಂ ಬಣ್ಣಗಳನ್ನು ನಿರ್ಬಂಧಿಸಬೇಕೆಂಬ ಸ್ವೀಡನ್ನಿನ ಪ್ರಸ್ತಾವವನ್ನು ಐರೋಪ್ಯ ಒಕ್ಕೂಟ ಮುಂದೆ ಒಪ್ಪಲಿಲ್ಲ, ಅದು ಬೇರೆ ಮಾತು. ಬ್ರಿಟನ್ನಿನಲ್ಲಿ ಹಸಿ ಕೆಸರನ್ನು ಆಹಾರ ಬೆಳೆಗಳಿಂದ 1999ರ ಕೊನೆಗೆ ದೂರವಿಟ್ಟದ್ದೂ ಸಂಸತ್ತಿನ ಕಾನೂನಲ್ಲ. ನೀರಿನ ಕಂಪನಿಗಳು ಮತ್ತು ಚಿಲ್ಲರೆ ಮಾರಾಟಗಾರರ ಸಂಘ ಮಾಡಿಕೊಂಡ ಒಪ್ಪಂದ. ಗಿರಾಕಿ ಹಿಂದೆ ಸರಿದಾನು ಎಂಬ ಅಂಗಡಿಯವನ ಅಂಜಿಕೆ ಅಲ್ಲಿ ಕೆಲಸ ಮಾಡಿತು. ಸ್ವಿಟ್ಸರ್ಲೆಂಡ್ 2006ರಲ್ಲಿ ಹೊಲಕ್ಕೆ ಕೆಸರು ಹಾಕುವುದನ್ನೇ ನಿಲ್ಲಿಸಿ ಸುಡುವ ದಾರಿ ಹಿಡಿಯಿತು. ಅದರೊಳಗಿನ ಫಾಸ್ಫರಸ್ ಅನ್ನು ಮರಳಿ ತೆಗೆಯಲೇಬೇಕೆಂದು 2016ರಲ್ಲಿ ನಿಯಮ ಮಾಡಿತು.

ಪಟ್ಟಿಯಲ್ಲಿಲ್ಲದ ವಸ್ತು

1993ರ ಅಮೆರಿಕದ ಪಟ್ಟಿಯಲ್ಲಿ ಲೋಹಗಳಿದ್ದವು, ರೋಗಾಣುಗಳಿದ್ದವು. ಅಂಟದ ಬಾಣಲೆ, ನೀರು ಹಿಡಿಯದ ಬಟ್ಟೆ, ಬೆಂಕಿ ಆರಿಸುವ ನೊರೆಗಳಲ್ಲಿ ಬಳಸುವ ಪಿಎಫ್ಎಎಸ್ ಎಂಬ ಫ್ಲೋರಿನ್ ಸಂಯುಕ್ತಗಳು ಇರಲಿಲ್ಲ. ಕಾರ್ಬನ್-ಫ್ಲೋರಿನ್ ಬಂಧ ಸಾವಯವ ರಸಾಯನಶಾಸ್ತ್ರದ ಅತಿ ಬಲವಾದ ಬಂಧಗಳಲ್ಲೊಂದು. ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ಸುಲಭವಾಗಿ ಒಡೆಯಲಾರವು. ಲೋಹಗಳಂತೆ ಮಣ್ಣಿಗೆ ಅಂಟಿ ಕೂಡದೆ ಇವುಗಳಲ್ಲಿ ಹಲವು ನೀರಿನೊಡನೆ ಚಲಿಸುವುದು ಇನ್ನೊಂದು ತೊಂದರೆ. 2016ರಲ್ಲಿ ಮೇಯ್ನ್ ರಾಜ್ಯದ ಅರುಂಡೆಲ್‌ನ ಒಂದು ಡೈರಿಯ ಹಾಲಿನಲ್ಲಿ ಇವು ಪತ್ತೆಯಾದವು. ಆ ಹೊಲಕ್ಕೆ ಕೆಸರು ಬಿದ್ದದ್ದು ದಶಕಗಳ ಹಿಂದೆ, ಅಧಿಕೃತ ಪರವಾನಗಿಯೊಡನೆ. 2022ರಲ್ಲಿ ಮೇಯ್ನ್ ಕೆಸರನ್ನು ಹೊಲಕ್ಕೆ ಹಾಕುವುದನ್ನು ನಿಷೇಧಿಸಿತು. ಹಾಗೆ ಮಾಡಿದ ಮೊದಲ ಅಮೆರಿಕನ್ ರಾಜ್ಯ ಅದು. ಆ ದೇಶದ ಪರಿಸರ ಸಂರಕ್ಷಣಾ ಸಂಸ್ಥೆ ಕೆಸರಿನಲ್ಲಿರುವ ಇಂಥ ಎರಡು ರಾಸಾಯನಿಕಗಳ ಅಪಾಯದ ಕರಡು ಲೆಕ್ಕವನ್ನು ಪ್ರಕಟಿಸಿದ್ದು 2025ರ ಜನವರಿಯಲ್ಲಿ.

ನಮ್ಮಲ್ಲಿ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ 2006ರಲ್ಲಿ ಸಾವಯವ ಗೊಬ್ಬರಗಳನ್ನು ಸೇರಿಸಿದಾಗ ಪಟ್ಟಣದ ಕಾಂಪೋಸ್ಟಿಗೆ ಲೋಹದ ಮಿತಿಗಳು ಬಂದವು: ಕಿಲೋಗ್ರಾಮಿಗೆ ಕ್ಯಾಡ್ಮಿಯಂ 5 ಮಿ.ಗ್ರಾಂ., ಸೀಸ 100, ತಾಮ್ರ 300, ಸತು 1,000. ಈ ಅಳತೆ ಮಾರಾಟದ ಗೊಬ್ಬರದ್ದು, ಅದು ಬೀಳುವ ಹೊಲದ ಮಣ್ಣಿನದಲ್ಲ. ಬೆಂಗಳೂರಿನ ಸುತ್ತಲಿನ ರೈತರಲ್ಲಿ ಹಲವರು ಮನೆಗುಂಡಿಗಳನ್ನು ಬರಿದುಮಾಡುವ ಟ್ಯಾಂಕರುಗಳಿಂದ ಮಲದ ರಾಡಿಯನ್ನು ತಮ್ಮ ತೋಟಗಳ ಗುಂಡಿಗಳಿಗೆ ಸುರಿಸಿಕೊಂಡು, ತಿಂಗಳುಗಟ್ಟಲೆ ಒಣಗಲು ಬಿಟ್ಟು, ಬಾಳೆ, ತೆಂಗಿನಂಥ ಬೆಳೆಗಳಿಗೆ ಹಾಕುತ್ತ ಬಂದಿದ್ದಾರೆ. 2015ರಲ್ಲಿ ದೇವನಹಳ್ಳಿಯಲ್ಲಿ ಇಂಥ ರಾಡಿಯನ್ನು ಸಂಸ್ಕರಿಸುವ ಘಟಕವೂ ಆರಂಭವಾಯಿತು. ಮನೆಗುಂಡಿಯ ರಾಡಿಗೆ ಕಾರ್ಖಾನೆಯ ನೀರು ಸೇರುವುದಿಲ್ಲವಾದ್ದರಿಂದ ಅದರಲ್ಲಿ ಲೋಹ ಕಡಿಮೆ. ಬಿಸಿಲಿಗೆ ಒಣಗಿದಾಗ ರೋಗಾಣುಗಳೂ ಜಂತುಹುಳುಗಳ ಮೊಟ್ಟೆಗಳೂ ಬಹಳಷ್ಟು ಸಾಯುತ್ತವೆ. ಒಳಚರಂಡಿಯ ಕೆಸರಿನಲ್ಲಿ ಬರುವ ಸತುವಿಗೆ ಮಾತ್ರ ಬಿಸಿಲು ಏನೂ ಮಾಡುವುದಿಲ್ಲ.